ದೊಡ್ಡ ತೋಟಕ್ಕೆ ಹುಲ್ಲು ಕೊಯ್ಯುವ ಯಂತ್ರ: ಕೊಳ್ಳುವ ಮುನ್ನ ತಿಳಿಯಬೇಕಾದುದು

ಮುಂಗಾರು ಹಿಡಿದು ಒಂದು ತಿಂಗಳಾಗುವಷ್ಟರಲ್ಲಿ ಮಲೆನಾಡು ಮತ್ತು ಕರಾವಳಿಯ ತೋಟಗಳಲ್ಲಿ ಹುಲ್ಲು ಮೊಣಕಾಲು ಮುಟ್ಟುತ್ತದೆ. ಮೈಮರೆತರೆ ಆಗಸ್ಟ್ ಹೊತ್ತಿಗೆ ಸೊಂಟದ ಮಟ್ಟಕ್ಕೆ ಬರುತ್ತದೆ. ಕತ್ತಿ ಹಿಡಿದು ಸಾಲಾಗಿ ಹುಲ್ಲು ಸವರುವ ಆಳುಗಳು ಬೇಕಾದ ಕಾಲಕ್ಕೆ ಸಿಗುವುದು ಈಗ ಅಪರೂಪ. ಆದುದರಿಂದ ಐದು ಎಕರೆಗೆ ಮೇಲ್ಪಟ್ಟು ತೋಟವಿರುವ ಬಹುತೇಕ ರೈತರು ಯಂತ್ರದ ಕಡೆಗೆ ತಿರುಗಿದ್ದಾರೆ ಅಥವಾ ತಿರುಗುವ ಯೋಚನೆಯಲ್ಲಿದ್ದಾರೆ. ಪೇಟೆಯಲ್ಲಿ ಹೆಗಲಿಗೆ ತೂಗುಹಾಕುವ ಸಣ್ಣ ಕಳೆಕತ್ತರಿಯಿಂದ ಹಿಡಿದು, ಕುಳಿತು ಓಡಿಸುವ, ನಿಂತಲ್ಲೇ ತಿರುಗುವ ಝೀರೋ ಟರ್ನ್ ಯಂತ್ರದವರೆಗೆ ನಾನಾ ಬಗೆಗಳಿವೆ. ಬೆಲೆಯಲ್ಲಿ ಇವುಗಳ ನಡುವೆ ಹತ್ತಿಪ್ಪತ್ತು ಪಟ್ಟು ಅಂತರವಿದೆ.

ಯಂತ್ರ ಕೊಳ್ಳುವಾಗ ಅನೇಕರು ಮೊದಲು ಕೇಳುವ ಪ್ರಶ್ನೆ, "ಇದು ಎಷ್ಟು ಅಶ್ವಶಕ್ತಿ?" ಎಂಬುದು. ಇದನ್ನು ಕೊನೆಯಲ್ಲಿ ಕೇಳಬಹುದು. ನಿಮ್ಮ ನೆಲದ ಇಳಿಜಾರು ಎಷ್ಟು, ಗಿಡಗಳ ಅಂತರ ಎಷ್ಟು, ನೆಲದಲ್ಲಿ ಕಲ್ಲು, ಕಾಲುವೆ, ಕೊಳವೆಗಳು ಎಲ್ಲೆಲ್ಲಿವೆ ಮತ್ತು ವರ್ಷಕ್ಕೆ ಒಟ್ಟು ಎಷ್ಟು ಎಕರೆ ಹುಲ್ಲು ಕೊಯ್ಯಬೇಕಾಗುತ್ತದೆ ಎಂಬ ನಾಲ್ಕು ವಿಷಯಗಳು ಮೊದಲು ತೀರ್ಮಾನವಾಗಬೇಕು. ಇವು ತಿಳಿದರೆ ಯಂತ್ರದ ಆಯ್ಕೆ ಮುಕ್ಕಾಲು ಪಾಲು ಮುಗಿದಂತೆಯೇ.

ಮೊದಲು ನೆಲವನ್ನು ಅಳೆಯಿರಿ

ಇಳಿಜಾರನ್ನು ಕಣ್ಣಂದಾಜಿನಲ್ಲಿ ಹೇಳುವುದು ಕಷ್ಟ. ದಿನವೂ ಓಡಾಡುವ ನೆಲ ಯಾರಿಗೂ ಕಡಿದಾಗಿ ಕಾಣುವುದಿಲ್ಲ. ಅಳೆಯಲು ಸುಲಭವಾದ ಉಪಾಯವಿದೆ. ಸರಿಯಾಗಿ 1 ಮೀಟರ್ ಉದ್ದದ ನೇರವಾದ ಪಟ್ಟಿಯೊಂದನ್ನು ತೆಗೆದುಕೊಳ್ಳಿ. ಅದರ ಒಂದು ತುದಿಯನ್ನು ಇಳಿಜಾರಿನ ಮೇಲ್ಭಾಗದ ನೆಲಕ್ಕೆ ತಾಗಿಸಿ, ಇನ್ನೊಂದು ತುದಿಯನ್ನು ಇಳಿಜಾರಿನ ಕೆಳಗಿನ ದಿಕ್ಕಿಗೆ ಗಾಳಿಯಲ್ಲಿ ಹಿಡಿಯಿರಿ. ಗಾರೆ ಕೆಲಸದವರ ರಸಮಟ್ಟವನ್ನು ಪಟ್ಟಿಯ ಮೇಲಿಟ್ಟು ಮಟ್ಟ ಮಾಡಿಕೊಳ್ಳಿ. ಗಾಳಿಯಲ್ಲಿರುವ ತುದಿಯಿಂದ ನೆಲದವರೆಗಿನ ಎತ್ತರವನ್ನು ಅಳೆಯಿರಿ. ಇದು 17-18 ಸೆಂ.ಮೀ. ಇದ್ದರೆ ನಿಮ್ಮ ಇಳಿಜಾರು 10 ಡಿಗ್ರಿ, 27 ಸೆಂ.ಮೀ. ಇದ್ದರೆ 15 ಡಿಗ್ರಿ. ತೋಟದ ಅತಿ ಕಡಿದಾದ ನಾಲ್ಕೈದು ಕಡೆ ಹೀಗೆ ಅಳೆದು ಗುರುತು ಹಾಕಿಕೊಳ್ಳಿ. ಸರಾಸರಿ ಲೆಕ್ಕ ಇಲ್ಲಿ ಉಪಯೋಗಕ್ಕೆ ಬಾರದು. ಯಂತ್ರ ಮಗುಚುವುದು ಅತಿ ಕಡಿದಾದ ಜಾಗದಲ್ಲಿಯೇ.

ಈ 27 ಸೆಂ.ಮೀ. ಅಳತೆಯನ್ನು ಚೆನ್ನಾಗಿ ನೆನಪಿಡಬೇಕು. ಕುಳಿತು ಓಡಿಸುವ ಹುಲ್ಲು ಯಂತ್ರಗಳ ಹೆಚ್ಚಿನ ತಯಾರಕರು ತಮ್ಮ ಕೈಪಿಡಿಯಲ್ಲಿ 15 ಡಿಗ್ರಿಯನ್ನೇ ಮೇಲಿನ ಮಿತಿಯಾಗಿ ಬರೆದಿರುತ್ತಾರೆ. ಕೆಲವರು ಇನ್ನೂ ಕಡಿಮೆ, 10 ಡಿಗ್ರಿ ಎಂದೂ ಬರೆಯುತ್ತಾರೆ. ಅದು ಒಣಗಿದ, ಗಟ್ಟಿಯಾದ ನೆಲಕ್ಕೆ ಹೇಳಿದ ಮಾತು. ಜುಲೈ ತಿಂಗಳ ಮಲೆನಾಡಿನ ಒದ್ದೆ ಹುಲ್ಲಿಗೆ ಅದನ್ನು ಹಾಗೆಯೇ ಅನ್ವಯಿಸುವಂತಿಲ್ಲ.

ಎರಡನೆಯದು ಗಿಡಗಳ ಅಂತರ. ಅಡಿಕೆಯನ್ನು ಸಾಮಾನ್ಯವಾಗಿ 2.7 ಮೀ. (9 ಅಡಿ) ಅಂತರದಲ್ಲಿ ನೆಡಲಾಗುತ್ತದೆ. ಕಾಂಡದ ದಪ್ಪ ಕಳೆದರೆ ನಡುವೆ ಎರಡೂವರೆ ಮೀಟರ್ ಉಳಿಯುತ್ತದೆ. ಕಾಗದದ ಮೇಲೆ ಸಣ್ಣ ಟ್ರ್ಯಾಕ್ಟರ್ ಹೋಗುವಷ್ಟು ಜಾಗವಿದು. ಆದರೆ ಒಂದೆರಡು ಸಾಲಿಗೊಂದು ಬಸಿಗಾಲುವೆ, ನಡುವೆ ಬಾಳೆ, ಕೋಕೋ ಅಥವಾ ಏಲಕ್ಕಿ, ನೆಲದ ಮೇಲೆ ಹನಿ ನೀರಾವರಿಯ ಕೊಳವೆ, ಮರದ ಮೇಲೆ ಹಬ್ಬಿದ ಕರಿಮೆಣಸು ಇವೆಲ್ಲ ಇರುವ ತೋಟದಲ್ಲಿ ನಾಲ್ಕು ಚಕ್ರದ ಯಾವ ಯಂತ್ರವೂ ಸುಸೂತ್ರವಾಗಿ ಓಡದು. ತೆಂಗಿನ ಸಾಲುಗಳಿಗೆ 7.5 ಮೀ.ನಿಂದ 9 ಮೀ. ಅಂತರವಿರುತ್ತದೆ. ಹಳೆಯ ಪದ್ಧತಿಯ ಮಾವಿಗೆ 10 ಮೀ. ಇರುತ್ತದೆ. ಇಲ್ಲಿ ಅಂತರದ ತೊಂದರೆಯಿಲ್ಲ; ತೆಂಗಿನ ಪಾತಿ ಮತ್ತು ಮಾವಿನ ಬಾಗಿದ ಕೊಂಬೆಗಳದೇ ತೊಂದರೆ.

ಕರಾವಳಿಯ ಮುರಕಲ್ಲಿನ ನೆಲ, ಬಯಲುಸೀಮೆಯ ಗರಸು ನೆಲ ಇವೆರಡೂ ಅಲಗಿನ ಶತ್ರುಗಳು. ಹುಲ್ಲು ಒಣಗಿರುವ ಏಪ್ರಿಲ್ ತಿಂಗಳಲ್ಲಿ ತೋಟವನ್ನೊಮ್ಮೆ ಸುತ್ತಿ, ನೆಲದಿಂದ ಎದ್ದು ನಿಂತ ಕಲ್ಲು, ಮರ ಕಡಿದ ಕೊರಡು, ಕೊಳವೆಯ ಗೇಟ್‌ವಾಲ್ವ್ ಇವುಗಳ ಪಕ್ಕದಲ್ಲಿ ಬಿದಿರಿನ ಗೂಟ ನೆಟ್ಟು ತುದಿಗೆ ಸುಣ್ಣ ಹಚ್ಚಿ ಇಡುವುದು ಒಳ್ಳೆಯದು. ಮಳೆಗಾಲದಲ್ಲಿ ಅವು ಕಣ್ಣಿಗೆ ಕಾಣುವುದಿಲ್ಲ. ಅಲಗಿಗೆ ಮಾತ್ರ ತಪ್ಪದೆ ಸಿಗುತ್ತವೆ.

ಹೆಗಲಿಗೆ ಹಾಕುವ ಕಳೆಕತ್ತರಿ

ಬ್ರಷ್ ಕಟರ್ ಅಥವಾ ವೀಡ್ ಕಟರ್ ಎಂದು ಕರೆಯಲಾಗುವ ಈ ಯಂತ್ರವೇ ನಮ್ಮ ಇಳಿಜಾರು ತೋಟಗಳ ನಿಜವಾದ ಯಂತ್ರ. ಉದ್ದ ಕೊಳವೆಯ ಒಂದು ತುದಿಯಲ್ಲಿ ಸಣ್ಣ ಪೆಟ್ರೋಲ್ ಎಂಜಿನ್, ಇನ್ನೊಂದು ತುದಿಯಲ್ಲಿ ತಿರುಗುವ ಅಲಗು ಅಥವಾ ನೈಲಾನ್ ದಾರ ಇರುತ್ತದೆ. ಮನುಷ್ಯ ಕಾಲೂರಿ ನಿಲ್ಲಬಲ್ಲ ಜಾಗಕ್ಕೆಲ್ಲ ಇದು ಹೋಗುತ್ತದೆ. ಕಾಲುವೆಯ ಅಂಚು, ಧರೆಯ ಬದಿ, ಬೇಲಿಯ ಬುಡ ಯಾವುದನ್ನೂ ಬಿಡುವುದಿಲ್ಲ. ಹುಲ್ಲಿನ ದಟ್ಟಣೆಗೆ ತಕ್ಕಂತೆ ಅನುಭವವುಳ್ಳ ಒಬ್ಬನು ದಿನಕ್ಕೆ ಅರ್ಧದಿಂದ ಒಂದು ಎಕರೆ ಕೊಯ್ಯಬಹುದು.

ಇದರಲ್ಲಿ ಎರಡು ರೂಪಗಳಿವೆ. ಬದಿಗೆ ತೂಗುವ ಯಂತ್ರದಲ್ಲಿ ಎಂಜಿನ್ ಮತ್ತು ಅಲಗು ನೇರವಾದ ಒಂದೇ ದಂಡಕ್ಕೆ ಸೇರಿರುತ್ತವೆ. ಬೆನ್ನಿಗೆ ಹೊರುವ ಯಂತ್ರದಲ್ಲಿ ಎಂಜಿನ್ ಬೆನ್ನ ಮೇಲಿದ್ದು, ಬಾಗುವ ತಂತಿಯ ಮೂಲಕ ಶಕ್ತಿ ಅಲಗಿಗೆ ಹರಿಯುತ್ತದೆ. ಸಮತಟ್ಟಾದ ತೋಟಕ್ಕೆ ಮೊದಲನೆಯದು ಸಾಕು, ಬಾಳಿಕೆಯೂ ಹೆಚ್ಚು. ಮೆಟ್ಟಿಲು ಮೆಟ್ಟಿಲಾದ ಕಾಫಿ ತೋಟಕ್ಕೆ, ಧರೆಯ ಮೇಲೆ ಕೆಳಗೆ ಕೈಯಾಡಿಸಬೇಕಾದ ಕಡೆಗೆ ಎರಡನೆಯದು ಅನುಕೂಲ. ಆದರೆ ಬಾಗುವ ತಂತಿಗೆ ಕಾಲಕಾಲಕ್ಕೆ ಗ್ರೀಸ್ ಹಾಕದಿದ್ದರೆ ಅದು ಬಿಸಿಯೇರಿ ತುಂಡಾಗುತ್ತದೆ. ದಟ್ಟ ಹುಲ್ಲಿಗೆ 35 ರಿಂದ 45 ಸಿ.ಸಿ. ಎಂಜಿನ್ ಇರಬೇಕು. ಮನೆಯಂಗಳಕ್ಕಾದರೆ 25 ಸಿ.ಸಿ. ಸಾಕು. ಇತ್ತೀಚೆಗೆ ಬ್ಯಾಟರಿಯಿಂದ ನಡೆಯುವವೂ ಬಂದಿವೆ. ಸದ್ದು, ಹೊಗೆ ಇಲ್ಲವೆಂಬುದು ನಿಜವಾದರೂ ಇಡೀ ದಿನದ ಕೆಲಸಕ್ಕೆ ಹಲವು ಬ್ಯಾಟರಿಗಳು ಬೇಕಾಗುವುದರಿಂದ ಅವು ಸದ್ಯಕ್ಕೆ ಮನೆಯ ಸುತ್ತಲಿನ ಕೆಲಸಕ್ಕೇ ಹೆಚ್ಚು ಹೊಂದುತ್ತವೆ.

ಎರಡು ಸ್ಟ್ರೋಕ್ ಒಳ್ಳೆಯದೋ ನಾಲ್ಕು ಸ್ಟ್ರೋಕ್ ಒಳ್ಳೆಯದೋ ಎಂಬ ಪ್ರಶ್ನೆ ತಪ್ಪದೆ ಬರುತ್ತದೆ. ಎರಡು ಸ್ಟ್ರೋಕ್ ಎಂಜಿನ್ ಹಗುರ, ರಚನೆ ಸರಳ, ಓರೆಯಾಗಿ ಹಿಡಿದರೂ ಓಡುತ್ತದೆ. ಆದರೆ ಪೆಟ್ರೋಲಿಗೆ ಎಣ್ಣೆ ಬೆರೆಸಲೇಬೇಕು. 1:25 ಪ್ರಮಾಣವೆಂದು ಕೈಪಿಡಿಯಲ್ಲಿದ್ದರೆ ಲೀಟರಿಗೆ 40 ಮಿ.ಲೀ., 1:50 ಎಂದಿದ್ದರೆ 20 ಮಿ.ಲೀ. ಎಣ್ಣೆ. ಆಳಿನ ಕೈಗೆ ಅಳತೆಯ ಲೋಟ ಕೊಡದೆ "ಸ್ವಲ್ಪ ಎಣ್ಣೆ ಹಾಕು" ಎಂದು ಹೇಳಿ ಕಳುಹಿಸುವ ತೋಟಗಳಲ್ಲಿ ಎಂಜಿನ್ನಿನ ಪಿಸ್ಟನ್ ಹಿಡಿದುಕೊಳ್ಳುವುದು ಕೇವಲ ಸಮಯದ ಪ್ರಶ್ನೆ. ನಾಲ್ಕು ಸ್ಟ್ರೋಕ್ ಎಂಜಿನ್ನಿಗೆ ಈ ಬೆರಕೆಯ ತಂಟೆಯಿಲ್ಲ. ಪೆಟ್ರೋಲ್ ಖರ್ಚೂ ಕಡಿಮೆ. ತೂಕ ತುಸು ಹೆಚ್ಚು, ಎಣ್ಣೆಯ ಮಟ್ಟವನ್ನು ದಿನವೂ ನೋಡಬೇಕು. ಯಂತ್ರವನ್ನು ಬೇರೆ ಬೇರೆ ಜನರು ಬಳಸುವ ತೋಟಕ್ಕೆ ನಾಲ್ಕು ಸ್ಟ್ರೋಕ್ ಮೇಲು ಎಂಬುದು ನಮ್ಮ ಅಭಿಪ್ರಾಯ.

ಇನ್ನು ಕತ್ತರಿಸುವ ಸಾಧನ. ಕಲ್ಲಿರುವ ಕಡೆ ಮತ್ತು ಎಳೆಯ ಹುಲ್ಲಿಗೆ ನೈಲಾನ್ ದಾರ ಬಳಸಬೇಕು. ಬಲಿತ ದಟ್ಟ ಹುಲ್ಲಿಗೆ ಎರಡು ಅಥವಾ ಮೂರು ಹಲ್ಲಿನ ಉಕ್ಕಿನ ಅಲಗು ಬೇಕು. ಕಮ್ಯುನಿಸ್ಟ್ ಗಿಡ, ಲಂಟಾನದಂಥ ಕಟ್ಟಿಗೆಯಾದ ಕಾಂಡಕ್ಕೆ ಗರಗಸದ ಹಾಗೆ ಹಲವು ಹಲ್ಲುಗಳಿರುವ ದುಂಡು ಅಲಗೇ ಆಗಬೇಕು. ಒಂದೇ ಅಲಗಿನಲ್ಲಿ ಎಲ್ಲ ಕೆಲಸ ಮಾಡಿಸಹೊರಟರೆ ಎಂಜಿನ್ ಸವೆಯುತ್ತದೆ, ಮೈಯೂ ಸವೆಯುತ್ತದೆ. ಅಲಗಿನ ಬದಲು ಸರಪಳಿಯ ತುಂಡು ಬೆಸೆದು ಕಟ್ಟುವುದನ್ನು ಕೆಲವೆಡೆ ಕಾಣುತ್ತೇವೆ. ಇದನ್ನು ಎಂದೂ ಮಾಡಬಾರದು. ನಿಮಿಷಕ್ಕೆ ಸಾವಿರಾರು ಸುತ್ತು ತಿರುಗುವಾಗ ಒಂದು ಕೊಂಡಿ ಕಳಚಿದರೂ ಅದು ಗುಂಡಿನಂತೆ ಹಾರುತ್ತದೆ.

ನೈಲಾನ್ ದಾರ ಕಾಲಿಗೆ ಕಡಿಮೆ ಅಪಾಯಕಾರಿಯೇನೋ ಹೌದು, ಗಿಡಕ್ಕೆ ಅಲ್ಲ. ಮೆಣಸಿನ ಬಳ್ಳಿಯ ಬುಡಕ್ಕೆ ಅದು ಕ್ಷಣಮಾತ್ರ ತಾಗಿದರೆ ತೊಗಟೆ ಸುಲಿದುಹೋಗುತ್ತದೆ. ಹತ್ತು ವರ್ಷ ಬೆಳೆಸಿದ ಬಳ್ಳಿ ಹದಿನೈದು ದಿನದಲ್ಲಿ ಒಣಗುತ್ತದೆ. ಮಳೆಗಾಲದಲ್ಲಿ ಇಂಥ ಗಾಯಗಳು ರೋಗಕ್ಕೂ ಬಾಗಿಲು ತೆರೆಯುತ್ತವೆ. ಎಳೆಯ ಕಾಫಿ, ಕೋಕೋ, ಜಾಯಿಕಾಯಿ ಗಿಡಗಳ ಕಥೆಯೂ ಇದೇ. ತೆಂಗಿನ ಎಳೆಯ ಮರಗಳಲ್ಲಿ ಬುಡದ ಗಾಯದ ವಾಸನೆಗೆ ಕೆಂಪು ಮೂತಿ ಹುಳು ಬಂದು ಮೊಟ್ಟೆಯಿಡುತ್ತದೆ. ಆದುದರಿಂದ ಪ್ರತಿ ಗಿಡದ ಸುತ್ತ ಎರಡು ಅಡಿ ಜಾಗವನ್ನು ಮೊದಲೇ ಕೈಯಿಂದ ಕಳೆ ಕಿತ್ತು, ಸೊಪ್ಪಿನ ಮುಚ್ಚಿಗೆ ಹಾಕಿಡಬೇಕು. ಮುಚ್ಚಿಗೆ ಕಂಡ ಕಡೆಯಿಂದ ಒಳಗೆ ಯಂತ್ರ ಹೋಗಕೂಡದೆಂದು ಆಳುಗಳಿಗೆ ಕಟ್ಟುನಿಟ್ಟಾಗಿ ಹೇಳಬೇಕು.

ತಳ್ಳಿಕೊಂಡು ಹೋಗುವ ಯಂತ್ರ

ಎರಡು ಚಕ್ರದ ಮೇಲೆ ಕೂಡಿಸಿದ, ಹಿಂದೆ ನಡೆದುಕೊಂಡು ಹೋಗುವ ಯಂತ್ರಗಳು ಅರ್ಧ ಮೀಟರ್ ಅಗಲ ಕೊಯ್ಯುತ್ತವೆ. ಗಂಟೆಗೆ ಎರಡೂವರೆ ಕಿ.ಮೀ. ನಡೆದರೆ, ತಿರುಗುವ ಹೊತ್ತು ಕಳೆದು 9 ಗುಂಟೆಯಷ್ಟು ಕೆಲಸವಾಗುತ್ತದೆ. ಹೆಗಲಿಗೆ ಭಾರವಿಲ್ಲ. ಎರಡು ಮೂರು ಎಕರೆಯ ಸಮನಾದ ತೆಂಗಿನ ತೋಟದವರು, ಬೆನ್ನು ನೋವಿರುವವರು ಇದನ್ನು ಪರಿಶೀಲಿಸಬಹುದು. ಇಳಿಜಾರಿನಲ್ಲಿ ಇದನ್ನು ಅಡ್ಡಡ್ಡಲಾಗಿ ನಡೆಸಬೇಕು. ಮೇಲಿನಿಂದ ಕೆಳಕ್ಕೆ ನಡೆಸಿದರೆ ಜಾರಿದಾಗ ಕಾಲು ಯಂತ್ರದ ಅಡಿಗೆ ಹೋಗುತ್ತದೆ.

ಟ್ರ್ಯಾಕ್ಟರ್ ಸ್ಲ್ಯಾಷರ್

ಮನೆಯಲ್ಲಿ ಈಗಾಗಲೇ ಟ್ರ್ಯಾಕ್ಟರ್ ಇದ್ದು, ತೋಟ ಬಹುಮಟ್ಟಿಗೆ ಸಮತಟ್ಟಾಗಿದ್ದರೆ ಬೇರೆ ಯಂತ್ರದ ಯೋಚನೆಗೆ ಮೊದಲು ಸ್ಲ್ಯಾಷರ್ ಬೆಲೆ ವಿಚಾರಿಸಿರಿ. ಟ್ರ್ಯಾಕ್ಟರಿನ ಹಿಂದೆ ಮೂರು ಬಿಂದುಗಳಲ್ಲಿ ಜೋಡಿಸಿ, ನಿಮಿಷಕ್ಕೆ 540 ಸುತ್ತಿನ ಪಿ.ಟಿ.ಓ. ದಂಡದಿಂದ ಇದನ್ನು ನಡೆಸಲಾಗುತ್ತದೆ. ಅಗಲದ ಪ್ರತಿ ಅಡಿಗೆ ಸುಮಾರು 5 ಅಶ್ವಶಕ್ತಿ ಎಂದು ಲೆಕ್ಕ ಹಿಡಿದರೆ 5 ಅಡಿಯ ಸ್ಲ್ಯಾಷರಿಗೆ ಪಿ.ಟಿ.ಓ.ದಲ್ಲಿ 25 ಅಶ್ವಶಕ್ತಿ ಸಿಗುವ ಟ್ರ್ಯಾಕ್ಟರ್ ಬೇಕಾಗುತ್ತದೆ. ಗಂಟೆಗೆ 4 ಕಿ.ಮೀ. ವೇಗದಲ್ಲಿ ತಿರುವುಗಳನ್ನು ಕಳೆದರೂ ಗಂಟೆಗೆ ಒಂದು ಎಕರೆ ಮುಗಿಯುತ್ತದೆ.

ಇದರ ದೊಡ್ಡ ಗುಣವೆಂದರೆ ಒರಟು ಕೆಲಸಕ್ಕೆ ಹೇಸುವುದಿಲ್ಲ. ಎದೆಮಟ್ಟದ ಹುಲ್ಲು, ಬೆರಳು ದಪ್ಪದ ಕಾಂಡ, ಬಿದ್ದ ತೆಂಗಿನ ಗರಿ ಎಲ್ಲವನ್ನೂ ಕೊಚ್ಚಿ ನೆಲಕ್ಕೆ ಹರಡುತ್ತದೆ. ತೂಗಾಡುವಂತೆ ಕೂಡಿಸಿದ ಅಲಗುಗಳಿರುವ ಸ್ಲ್ಯಾಷರ್ ಕೊಂಡರೆ ಕಲ್ಲು ತಾಗಿದಾಗ ಅಲಗು ಹಿಂದಕ್ಕೆ ಮಡಚಿಕೊಂಡು ಪಾರಾಗುತ್ತದೆ. ಆಘಾತ ಹೆಚ್ಚಾದರೆ ತಾನೇ ಮುರಿದು ಗೇರುಪೆಟ್ಟಿಗೆಯನ್ನು ಉಳಿಸುವ ಷಿಯರ್ ಬೋಲ್ಟ್ ಇರುತ್ತದೆ. ಈ ಬೋಲ್ಟ್ ಮುರಿದಾಗ ಅದೇ ಗುಣಮಟ್ಟದ್ದನ್ನೇ ಹಾಕಬೇಕು. ಗಟ್ಟಿಯಾಗಲೆಂದು ಹೆಚ್ಚು ಬಲದ ಬೋಲ್ಟ್ ಹಾಕಿದರೆ ಮುಂದಿನ ಬಾರಿ ಮುರಿಯುವುದು ಗೇರುಪೆಟ್ಟಿಗೆ.

ಬಯಲುಸೀಮೆಯ ತೆಂಗು, ಮಾವು, ಸಪೋಟ ತೋಟಗಳಲ್ಲಿ ಕಳೆ ನಾಶಕ್ಕೆಂದು ವರ್ಷಕ್ಕೆ ಮೂರು ನಾಲ್ಕು ಬಾರಿ ರೋಟವೇಟರ್ ಹೊಡೆಯುವ ರೂಢಿ ಬೆಳೆದಿದೆ. ಮೇಲ್ಮಣ್ಣಿನಲ್ಲಿ ಹರಡಿದ ಬೇರುಗಳು ಇದರಿಂದ ಕತ್ತರಿಸಿಹೋಗುತ್ತವೆ, ಬಿರುಮಳೆಗೆ ಮಣ್ಣು ಕೊಚ್ಚಿಹೋಗುತ್ತದೆ. ಹುಲ್ಲನ್ನು ಬೇರುಸಹಿತ ಕೀಳದೆ ಮೇಲಷ್ಟೇ ಕೊಯ್ದರೆ ಬೇರು ಮಣ್ಣನ್ನು ಹಿಡಿದಿಡುತ್ತದೆ, ಕೊಯ್ದ ಹುಲ್ಲು ಮುಚ್ಚಿಗೆಯಾಗುತ್ತದೆ. ರೋಟವೇಟರಿಗೆ ಕೊಡುವ ಬಾಡಿಗೆಯನ್ನು ಸ್ಲ್ಯಾಷರಿಗೆ ಕೊಟ್ಟರೆ ಸಾಕು.

ಕುಳಿತು ಓಡಿಸುವ ಝೀರೋ ಟರ್ನ್ ಯಂತ್ರ

ಈಗ ಎಲ್ಲರ ಕಣ್ಣು ಸೆಳೆಯುವ ಯಂತ್ರದ ವಿಚಾರಕ್ಕೆ ಬರೋಣ. 1960ರ ದಶಕದಲ್ಲಿ ಅಮೆರಿಕದ ಕ್ಯಾನ್ಸಾಸ್ ರಾಜ್ಯದಲ್ಲಿ ರೂಪುಗೊಂಡು, ಅಲ್ಲಿನ ವಿಶಾಲವಾದ ಹುಲ್ಲುಹಾಸುಗಳಲ್ಲಿ ಮನೆಮಾತಾದ ಯಂತ್ರವಿದು. ನಮ್ಮಲ್ಲಿ ಕ್ರೀಡಾಂಗಣ, ಕಾಲೇಜು ಆವರಣ, ರೆಸಾರ್ಟುಗಳಿಗೆ ಬಂದಿದೆ. ಅಲ್ಲಿ ಅದು ಸರಸರನೆ ಓಡಾಡುವುದನ್ನು ನೋಡಿದವರಿಗೆ ತಮ್ಮ ತೋಟಕ್ಕೂ ಒಂದಿದ್ದರೆ ಎಂಬ ಆಸೆ ಹುಟ್ಟುವುದು ಸಹಜ.

ಇದರಲ್ಲಿ ಮೋಟಾರು ಗಾಡಿಯ ಹಾಗೆ ಸ್ಟೀರಿಂಗ್ ಚಕ್ರವಿರುವುದಿಲ್ಲ. ಹಿಂದಿನ ಎರಡು ಚಕ್ರಗಳಿಗೆ ಪ್ರತ್ಯೇಕವಾದ ಹೈಡ್ರಾಲಿಕ್ ಪಂಪು ಮತ್ತು ಮೋಟಾರುಗಳಿರುತ್ತವೆ. ಎಡಗೈಯ ಸನ್ನೆ ಎಡ ಚಕ್ರಕ್ಕೆ, ಬಲಗೈಯದು ಬಲ ಚಕ್ರಕ್ಕೆ. ಎರಡನ್ನೂ ಸಮನಾಗಿ ಮುಂದಕ್ಕೆ ನೂಕಿದರೆ ಯಂತ್ರ ನೇರ ಹೋಗುತ್ತದೆ. ಒಂದನ್ನು ಮುಂದಕ್ಕೆ, ಇನ್ನೊಂದನ್ನು ಹಿಂದಕ್ಕೆ ಹಿಡಿದರೆ ಬುಗುರಿಯಂತೆ ನಿಂತಲ್ಲೇ ತಿರುಗುತ್ತದೆ. ಮುಂದಿನ ಎರಡು ಚಕ್ರಗಳು ಕುರ್ಚಿಯ ಕಾಲಿನ ಗಾಲಿಗಳಂತೆ ಎತ್ತ ಬೇಕಾದರತ್ತ ಹೊರಳುತ್ತವೆ. ನಾಲ್ಕು ಅಡಿ ಅಗಲದ ಯಂತ್ರ ಗಂಟೆಗೆ 8 ಕಿ.ಮೀ. ವೇಗದಲ್ಲಿ ಹೋದರೆ, ಮರಗಳ ನಡುವಿನ ತಿರುವುಗಳನ್ನು ಕಳೆದೂ ಗಂಟೆಗೆ ಒಂದೂವರೆ ಎಕರೆಗೆ ಹತ್ತಿರ ಕೊಯ್ಯುತ್ತದೆ. ಪ್ರತಿ ಸಾಲಿನ ಕೊನೆಯಲ್ಲಿ ತಿರುಗಲು ಹೆಚ್ಚು ಜಾಗವೂ ಬೇಡ, ಮರದ ಸುತ್ತ ನುಣುಪಾಗಿ ಸುತ್ತುತ್ತದೆ.

ಇದರ ದೌರ್ಬಲ್ಯವಿರುವುದೂ ಇದೇ ರಚನೆಯಲ್ಲಿ. ಯಂತ್ರದ ದಿಕ್ಕನ್ನೂ ತಡೆಯನ್ನೂ ನೋಡಿಕೊಳ್ಳುವುದು ಹಿಂದಿನ ಎರಡು ಚಕ್ರಗಳು ಮಾತ್ರ. ಒದ್ದೆ ಇಳಿಜಾರಿನಲ್ಲಿ ಅವು ಹಿಡಿತ ಕಳೆದುಕೊಂಡರೆ ಮುಂದಿನ ಗಾಲಿಗಳು ಏನನ್ನೂ ತಡೆಯಲಾರವು. ಸನ್ನೆಗಳನ್ನು ಹೇಗೆ ಎಳೆದರೂ ಯಂತ್ರ ಇಳಿಜಾರಿನತ್ತ ಜಾರುತ್ತದೆ. ಕೆಳಗೆ ಕಾಲುವೆ, ಕೆರೆ ಅಥವಾ ಧರೆ ಇದ್ದರೆ ಚಾಲಕನ ಸಮೇತ ಮಗುಚುತ್ತದೆ. ಅನ್ಯ ದೇಶಗಳಲ್ಲಿ ಈ ಯಂತ್ರದಿಂದ ಆಗಿರುವ ಸಾವುಗಳಲ್ಲಿ ಮಗುಚಿ ಅಡಿಯಲ್ಲಿ ಸಿಕ್ಕಿಕೊಂಡವು ಮುಖ್ಯವಾದವು. ಆದುದರಿಂದ ಮಗುಚಿದರೂ ಚಾಲಕನನ್ನು ಕಾಯುವ ಕಬ್ಬಿಣದ ಕಮಾನು ಮತ್ತು ಸೊಂಟಪಟ್ಟಿ ಇಲ್ಲದ ಯಂತ್ರವನ್ನು ಎಷ್ಟು ಅಗ್ಗಕ್ಕೆ ಸಿಕ್ಕರೂ ಕೊಳ್ಳಬೇಡಿ. ಕಮಾನು ಎತ್ತಿ ನಿಲ್ಲಿಸಿದ್ದಾಗ ಸೊಂಟಪಟ್ಟಿ ಕಟ್ಟಿರಲೇಬೇಕು. ಮಾವಿನ ಕೊಂಬೆಗೆ ತಾಗುತ್ತದೆಂದು ಕಮಾನನ್ನು ಮಡಚಬೇಕಾದ ತೋಟವಾದರೆ ಆ ಜಾಗ ಮಟ್ಟವಾಗಿರುವುದು ಅವಶ್ಯ.

ಎರಡನೆಯ ಮಿತಿ ಹುಲ್ಲಿನದು. ಈ ಯಂತ್ರವನ್ನು ರಚಿಸಿರುವುದು ವಾರಕ್ಕೋ ಹದಿನೈದು ದಿನಕ್ಕೋ ಒಮ್ಮೆ ಕೊಯ್ಯುವ ಗಿಡ್ಡ ಹುಲ್ಲಿಗಾಗಿ. ಸಾಮಾನ್ಯವಾಗಿ 4 ರಿಂದ 11 ಸೆಂ.ಮೀ. ಎತ್ತರದಲ್ಲಿ ಅದು ಕೊಯ್ಯುತ್ತದೆ. ಎರಡು ತಿಂಗಳು ಬಿಟ್ಟು ಸೊಂಟಮಟ್ಟ ಬೆಳೆದ ಒದ್ದೆ ಹುಲ್ಲಿಗೆ ನುಗ್ಗಿಸಿದರೆ ಅಲಗಿನ ಮುಚ್ಚಳದೊಳಗೆ ಹುಲ್ಲು ಮುದ್ದೆಗಟ್ಟಿ, ಪಟ್ಟೆ ಜಾರಿ ಸುಟ್ಟುಹೋಗುತ್ತದೆ. ಅಡಿಕೆ ಹಾಳೆ, ತೆಂಗಿನ ಮಟ್ಟೆ ಇವನ್ನು ಮೊದಲೇ ಆರಿಸಿ ತೆಗೆಯಬೇಕು. ಹನಿ ನೀರಾವರಿಯ ಕೊಳವೆ ನೆಲದ ಮೇಲಿದ್ದರೆ ಯಂತ್ರವನ್ನು ಇಳಿಸುವ ಮಾತೇ ಬೇಡ. ದನಗಳಿಗೆ ಹುಲ್ಲು ಬೇಕಾದವರಿಗೂ ಇದು ಹೊಂದದು. ಹುಲ್ಲು ಸಣ್ಣಗೆ ಪುಡಿಯಾಗಿ ಚದರಿಹೋಗುವುದರಿಂದ ಒಟ್ಟುಮಾಡಲಾಗದು.

ಹಾಗಾದರೆ ಯಾರಿಗೆ ಈ ಯಂತ್ರ? ಐದಾರು ಎಕರೆಗೆ ಮೇಲ್ಪಟ್ಟು ಸಮತಟ್ಟಾದ ಹುಲ್ಲುಹಾಸು ಇದ್ದು ಅದನ್ನು ವರ್ಷವಿಡೀ ಗಿಡ್ಡವಾಗಿ ಇಡಬೇಕಾದವರಿಗೆ ಇದಕ್ಕೆ ಸಮನಾದುದಿಲ್ಲ. ತೋಟದ ಜೊತೆಗೆ ಹೋಮ್‌ಸ್ಟೇ ನಡೆಸುವವರು, ಮದುವೆ ಮೈದಾನ ಇಟ್ಟವರು, ಕುದುರೆ ಸಾಕುವವರು, ಹುಲ್ಲಿನ ಹೊದಿಕೆ ಬೆಳೆಸಿ ನೀರು ಕೊಟ್ಟು ಕಾಯ್ದುಕೊಂಡ ಬಯಲುಸೀಮೆಯ ದೊಡ್ಡ ಹಣ್ಣಿನ ತೋಟದವರು ಈ ಸಾಲಿಗೆ ಸೇರುತ್ತಾರೆ. ಬಸಿಗಾಲುವೆಗಳಿರುವ ಅಡಿಕೆ ತೋಟಕ್ಕಾಗಲಿ, ಗುಡ್ಡದ ಓರೆಯ ಕಾಫಿ ತೋಟಕ್ಕಾಗಲಿ ಇದು ಯಂತ್ರವಲ್ಲ.

ಕೊಳ್ಳುವುದೇ ಆದರೆ ಅಲಗಿನ ಮುಚ್ಚಳ ತೆಳು ತಗಡನ್ನು ಒತ್ತಿ ಮಾಡಿದ್ದೋ, ದಪ್ಪ ಉಕ್ಕಿನ ಹಲಗೆ ಬೆಸೆದು ಮಾಡಿದ್ದೋ ನೋಡಿರಿ. ನಮ್ಮ ಕಲ್ಲು ನೆಲಕ್ಕೆ ಎರಡನೆಯದೇ ಬಾಳುವುದು. ಹೈಡ್ರಾಲಿಕ್ ಎಣ್ಣೆ ಬದಲಿಸಲು ಅವಕಾಶವಿದೆಯೇ ಅಥವಾ ಪೂರ್ತಿ ಮುಚ್ಚಿದ ಪೆಟ್ಟಿಗೆಯೇ ಎಂದು ಕೇಳಿರಿ. ಪಟ್ಟೆ, ಅಲಗು, ಅಲಗಿನ ಬೇರಿಂಗ್, ಎಣ್ಣೆಯ ಶೋಧಕ ಈ ನಾಲ್ಕೂ ಮಾರಾಟಗಾರನ ಅಂಗಡಿಯಲ್ಲಿ ಇವೆಯೇ ಎಂದು ಕಣ್ಣಾರೆ ನೋಡಿ ಬನ್ನಿ. "ತರಿಸಿಕೊಡುತ್ತೇವೆ" ಎಂಬ ಉತ್ತರ ಬಂದರೆ, ಜುಲೈ ತಿಂಗಳಲ್ಲಿ ಪಟ್ಟೆ ಹರಿದಾಗ ಯಂತ್ರ ಎಷ್ಟು ವಾರ ಕೊಟ್ಟಿಗೆಯಲ್ಲಿ ನಿಲ್ಲಬಹುದೆಂದು ಊಹಿಸಿಕೊಳ್ಳಿ.

ಖರ್ಚಿನ ಲೆಕ್ಕ

ಯಂತ್ರದ ಬೆಲೆ ಮುಖ್ಯವಲ್ಲ, ಒಂದು ಎಕರೆ ಕೊಯ್ಯಲು ತಗಲುವ ಖರ್ಚು ಮುಖ್ಯ. ಇದನ್ನು ಉದಾಹರಣೆಯಿಂದ ನೋಡೋಣ. ಕೆಳಗಿನ ಬೆಲೆಗಳು ಲೆಕ್ಕದ ಅನುಕೂಲಕ್ಕಾಗಿ ಹಿಡಿದವು. ನೀವು ನಿಮ್ಮ ಪೇಟೆಯ ಬೆಲೆ ಹಾಕಿ ನೋಡಿಕೊಳ್ಳಿ.

ನಿಮಗೆ 10 ಎಕರೆ ತೋಟವಿದೆ, ವರ್ಷಕ್ಕೆ 3 ಬಾರಿ ಕೊಯ್ಯುತ್ತೀರಿ ಎನ್ನೋಣ. ಒಟ್ಟು ಕೆಲಸ 30 ಎಕರೆ. ಝೀರೋ ಟರ್ನ್ ಯಂತ್ರಕ್ಕೆ ರೂ. 6,00,000 ಕೊಟ್ಟು, 10 ವರ್ಷದ ನಂತರ ರೂ. 1,00,000ಕ್ಕೆ ಮಾರಿದರೆ ವರ್ಷದ ಸವಕಳಿ ರೂ. 50,000. ಎಕರೆಗೆ ರೂ. 1,670 ಆಯಿತು. ಇದು ಸವಕಳಿ ಮಾತ್ರ. ಪೆಟ್ರೋಲ್, ರಿಪೇರಿ, ಹಾಕಿದ ಹಣದ ಬಡ್ಡಿ ಎಲ್ಲ ಬೇರೆ. ಯಂತ್ರ ವರ್ಷದಲ್ಲಿ ಕೆಲಸ ಮಾಡುವುದು 20 ಗಂಟೆ, ಉಳಿದ ಕಾಲವೆಲ್ಲ ತಗಡಿನ ಕೆಳಗೆ ನಿಂತಿರುತ್ತದೆ. ರೂ. 30,000 ಬೆಲೆಯ ಹೆಗಲ ಯಂತ್ರ 5 ವರ್ಷ ಬಾಳಿ ಕೊನೆಗೆ ಏನೂ ಬಾರದು ಎಂದೇ ಹಿಡಿದರೂ ಎಕರೆಗೆ ಸವಕಳಿ ರೂ. 200. ಅದಕ್ಕೆ ಒಬ್ಬನ ಒಂದು ದಿನದ ಕೂಲಿ ಮತ್ತು ಐದಾರು ಲೀಟರ್ ಪೆಟ್ರೋಲ್ ಸೇರಿಸಿಕೊಳ್ಳಿ. ರೂ. 1,00,000 ಬೆಲೆಯ ಸ್ಲ್ಯಾಷರ್ 10 ವರ್ಷ ಬಂದರೆ ಎಕರೆಗೆ ರೂ. 333, ಮತ್ತು ಟ್ರ್ಯಾಕ್ಟರಿನ ಒಂದು ಗಂಟೆಯ ಖರ್ಚು.

ಅದೇ ಝೀರೋ ಟರ್ನ್ ಯಂತ್ರವನ್ನು 20 ಎಕರೆ ಹುಲ್ಲುಹಾಸಿನಲ್ಲಿ ತಿಂಗಳಿಗೊಮ್ಮೆ ಓಡಿಸಿದರೆ ವರ್ಷಕ್ಕೆ 240 ಎಕರೆ ಕೆಲಸ. ಸವಕಳಿ ಎಕರೆಗೆ ರೂ. 208ಕ್ಕೆ ಇಳಿಯುತ್ತದೆ. ಆಗ ಅದು ನ್ಯಾಯವಾದ ಖರೀದಿಯೇ.

ವರ್ಷಕ್ಕೆ ಎರಡೇ ಬಾರಿ ಕೊಯ್ಯುವವರು ಕೊಳ್ಳುವ ಬದಲು ಬಾಡಿಗೆಗೆ ತರುವುದು ಲೇಸು. ಹೋಬಳಿ ಮಟ್ಟದ ಕೃಷಿ ಯಂತ್ರಧಾರೆ ಕೇಂದ್ರಗಳಲ್ಲಿ ಯಾವ ಯಂತ್ರಗಳು ಬಾಡಿಗೆಗೆ ಇವೆ ಎಂದು ವಿಚಾರಿಸಿ. ಕೊಳ್ಳುವವರು ಸಹಾಯಧನದ ಬಗ್ಗೆ ರೈತ ಸಂಪರ್ಕ ಕೇಂದ್ರ ಅಥವಾ ತೋಟಗಾರಿಕೆ ಇಲಾಖೆಯ ಕಚೇರಿಯಲ್ಲಿ ಮೊದಲೇ ಕೇಳಿ, ಅರ್ಜಿ ಕೊಟ್ಟು, ಮಂಜೂರಾತಿ ಬಂದ ನಂತರವೇ ಹಣ ಕಟ್ಟಬೇಕು. ಸಹಾಯಧನ ಸಿಗುತ್ತದೆಂಬ ಒಂದೇ ಕಾರಣಕ್ಕೆ ಹೊಂದದ ಯಂತ್ರವನ್ನು ಆರಿಸಿಕೊಳ್ಳುವುದು ಮಾತ್ರ ಸಲ್ಲದು. ಯಂತ್ರಕ್ಕೆ ಮಧ್ಯಪ್ರದೇಶದ ಬುಧ್ನಿಯಂಥ ಮಾನ್ಯತೆ ಪಡೆದ ಪರೀಕ್ಷಾ ಕೇಂದ್ರದ ವರದಿ ಇದ್ದರೆ ಅದನ್ನು ತೋರಿಸಲು ಮಾರಾಟಗಾರನನ್ನು ಕೇಳಿ. ಇಂಧನದ ಖರ್ಚು, ಕಂಪನ, ಅಲಗಿನ ಗಡಸುತನ ಇತ್ಯಾದಿಗಳು ಅದರಲ್ಲಿ ಅಂಕಿಗಳಲ್ಲಿ ಇರುತ್ತವೆ. ಇದಕ್ಕೂ ಹೆಚ್ಚಾಗಿ, ಪ್ರಾತ್ಯಕ್ಷಿಕೆಯನ್ನು ಅಂಗಡಿಯ ಎದುರಿನ ಮೈದಾನದಲ್ಲಿ ನೋಡದೆ ನಿಮ್ಮ ತೋಟದ ಅತಿ ಕೆಟ್ಟ ಮೂಲೆಯಲ್ಲಿ ಒಂದು ಗಂಟೆ ಮಾಡಿಸಿರಿ. ಯಂತ್ರ ಹಿಡಿಯಬೇಕಾದ ಆಳಿನ ಕೈಯಲ್ಲೇ ಓಡಿಸಿ ನೋಡಿರಿ.

ಪ್ರಾಣಕ್ಕೆ ಸಂಬಂಧಿಸಿದ ಎಚ್ಚರಿಕೆಗಳು

ಹೆಗಲ ಯಂತ್ರ ಓಡುತ್ತಿರುವಾಗ 15 ಮೀ. ಸುತ್ತಳತೆಯೊಳಗೆ ಇನ್ನೊಬ್ಬರು ಇರಬಾರದು. ಮಾತನಾಡಿಸಲು ಹಿಂದಿನಿಂದ ಬಂದು ಹೆಗಲು ಮುಟ್ಟುವ ಅಭ್ಯಾಸ ಬಹಳ ಅಪಾಯಕರ. ಆತ ತಿರುಗುವಾಗ ಅಲಗೂ ಜೊತೆಗೇ ತಿರುಗುತ್ತದೆ. ಎದುರಿನಿಂದ ಬಂದು, ಕಣ್ಣಿಗೆ ಬಿದ್ದು, ಎಂಜಿನ್ ನಿಲ್ಲಿಸಿದ ಮೇಲೆ ಮಾತನಾಡಬೇಕು. ಅಲಗನ್ನು ಗಡಿಯಾರದ ಮುಖವೆಂದು ಭಾವಿಸಿದರೆ 12ರಿಂದ 3ರ ನಡುವಿನ ಭಾಗ ಗಟ್ಟಿ ವಸ್ತುವಿಗೆ ತಾಗಿದಾಗ ಯಂತ್ರ ಬಲವಾಗಿ ಒದೆಯುತ್ತದೆ. ಹೆಚ್ಚಿನ ಯಂತ್ರಗಳಲ್ಲಿ ಅಲಗು ಎಡಕ್ಕೆ ಸುತ್ತುವುದರಿಂದ ಬಲದಿಂದ ಎಡಕ್ಕೆ ಬೀಸಿ ಕೊಯ್ದರೆ ಹುಲ್ಲು ಎಡಗಡೆ ಸಾಲಾಗಿ ಬೀಳುತ್ತದೆ.

ಕಣ್ಣಿಗೆ ಕನ್ನಡಕ ಅಥವಾ ಮುಖಕ್ಕೆ ಜಾಲರಿ, ಮೊಣಕಾಲುವರೆಗಿನ ಬೂಟು, ದಪ್ಪ ಬಟ್ಟೆ ಬೇಕೇ ಬೇಕು. ಎಂಜಿನ್ನಿನ ಸದ್ದು ಕಿವಿಯ ಹತ್ತಿರ 100 ಡೆಸಿಬೆಲ್‌ಗೆ ಸಮೀಪವಿರುತ್ತದೆ. ದಿನವಿಡೀ 85 ಡೆಸಿಬೆಲ್ ಮೀರಿದ ಸದ್ದು ಕೇಳಿದರೆ ಶ್ರವಣಶಕ್ತಿ ಕುಂದುತ್ತದೆ. ಕಿವಿಗೆ ತುರುಕುವ ಮೆತ್ತೆಗೆ ಹೆಚ್ಚು ಬೆಲೆಯಿಲ್ಲ. ನಡುಕದಿಂದ ಬೆರಳು ಬಿಳಿಚಿ ಜೋಮು ಹಿಡಿದರೆ ಅದನ್ನು ದಣಿವೆಂದು ತಳ್ಳಿಹಾಕಬಾರದು. ಮುಕ್ಕಾಲು ಗಂಟೆಗೊಮ್ಮೆ ಹತ್ತು ನಿಮಿಷ ವಿಶ್ರಾಂತಿ ಕೊಡಬೇಕು, ಸಾಧ್ಯವಾದರೆ ಇಬ್ಬರು ಸರದಿಯಲ್ಲಿ ಹಿಡಿಯಬೇಕು. ಬಾಡಿಗೆ ಯಂತ್ರದವನನ್ನು ಎಕರೆ ಲೆಕ್ಕದಲ್ಲಿ ಗುತ್ತಿಗೆಗೆ ಕರೆದಾಗ ಆತ ಕನ್ನಡಕ, ಬೂಟು ತಂದಿದ್ದಾನೆಯೇ ಎಂದು ನೋಡುವುದು ತೋಟದ ಯಜಮಾನನ ಕೆಲಸ.

ಟ್ರ್ಯಾಕ್ಟರ್ ಮತ್ತು ಝೀರೋ ಟರ್ನ್ ಯಂತ್ರಗಳನ್ನು ಇಳಿಜಾರಿನಲ್ಲಿ ಅಡ್ಡಲಾಗಿ ಓಡಿಸದೆ ಮೇಲಕ್ಕೂ ಕೆಳಕ್ಕೂ ಓಡಿಸಬೇಕು. ನಿಮ್ಮ ಕೈಪಿಡಿಯಲ್ಲಿ ಬೇರೆ ಸೂಚನೆಯಿದ್ದರೆ ಅದೇ ಪ್ರಮಾಣ. ಧರೆ, ಕೆರೆ, ಕಾಲುವೆಗಳ ಅಂಚಿನಿಂದ ಯಂತ್ರದ ಅಗಲದ ಎರಡು ಪಟ್ಟು ದೂರ ಬಿಟ್ಟು, ಆ ಪಟ್ಟಿಯನ್ನು ಹೆಗಲ ಯಂತ್ರದಿಂದ ಕೊಯ್ಯಬೇಕು. ಮಕ್ಕಳನ್ನು ತೊಡೆಯ ಮೇಲೆ ಕೂಡಿಸಿಕೊಂಡು ಓಡಿಸುವುದು, ಟ್ರ್ಯಾಕ್ಟರಿನ ಮಡ್‌ಗಾರ್ಡ್ ಮೇಲೆ ಇನ್ನೊಬ್ಬರನ್ನು ಹತ್ತಿಸಿಕೊಳ್ಳುವುದು ಹುಲ್ಲು ಕೊಯ್ಯುವಾಗಂತೂ ಕೂಡದು.

ಪೆಟ್ರೋಲ್ ಮತ್ತು ಮಳೆಗಾಲದ ನಂತರದ ಆರೈಕೆ

2025ರ ಹೊತ್ತಿಗೆ ನಮ್ಮ ದೇಶದ ಪೆಟ್ರೋಲಿನಲ್ಲಿ ಎಥನಾಲ್ ಪ್ರಮಾಣ ಶೇ. 20ಕ್ಕೆ ಬಂದಿದೆ. ಎಥನಾಲ್ ಗಾಳಿಯ ತೇವವನ್ನು ಹೀರುವ ಗುಣವುಳ್ಳದ್ದು. ಮಲೆನಾಡಿನ ಮಳೆಗಾಲದಲ್ಲಿ ಅರ್ಧ ತುಂಬಿದ ಕ್ಯಾನಿನಲ್ಲಿ ತಿಂಗಳುಗಟ್ಟಲೆ ಇಟ್ಟ ಪೆಟ್ರೋಲಿನ ತಳದಲ್ಲಿ ನೀರು ಬೇರೆಯಾಗುತ್ತದೆ. ಅದು ಸಣ್ಣ ಎಂಜಿನ್ನಿನ ಕಾರ್ಬ್ಯುರೇಟರನ್ನು ಕೆಡಿಸುತ್ತದೆ, ಹಳೆಯ ರಬ್ಬರ್ ಕೊಳವೆಗಳನ್ನು ಮೆತ್ತಗೆ ಮಾಡುತ್ತದೆ. ಆದುದರಿಂದ ಯಂತ್ರ ಕೊಳ್ಳುವಾಗ ಶೇ. 20 ಎಥನಾಲ್ ಇರುವ ಪೆಟ್ರೋಲಿಗೆ ಎಂಜಿನ್ ಹೊಂದುತ್ತದೆಯೇ ಎಂಬುದನ್ನು ಕೈಪಿಡಿಯಲ್ಲಿ ಓದಿ ಖಚಿತಪಡಿಸಿಕೊಳ್ಳಿ. ಎಣ್ಣೆ ಬೆರೆಸಿದ ಪೆಟ್ರೋಲನ್ನು ಒಂದು ವಾರಕ್ಕೆ ಬೇಕಾಗುವಷ್ಟೇ ಮಾಡಿಕೊಳ್ಳಿ.

ಗಾಳಿಯ ಶೋಧಕವನ್ನು ದಿನದ ಕೆಲಸ ಮುಗಿದೊಡನೆ ತೆಗೆದು ಕೊಡವಬೇಕು. ಅಲಗಿನ ಗೇರುಪೆಟ್ಟಿಗೆಗೆ 20-25 ಗಂಟೆಗೊಮ್ಮೆ ಗ್ರೀಸ್ ನೋಡಬೇಕು. ಅಲಗನ್ನು ಎರಡೂ ಕಡೆ ಸಮನಾಗಿ ಸಾಣೆ ಹಿಡಿಯಬೇಕು, ಒಂದು ಕಡೆ ಹೆಚ್ಚು ಸವೆದರೆ ತೂಕ ತಪ್ಪಿ ನಡುಕ ಹೆಚ್ಚುತ್ತದೆ. ಬಿರುಕು ಕಂಡ ಅಲಗನ್ನು ಬೆಸುಗೆ ಹಾಕಿಸದೆ ಗುಜರಿಗೆ ಹಾಕಿರಿ. ಕೊನೆಯ ಕೊಯ್ಲು ಮುಗಿದ ಮೇಲೆ ಟ್ಯಾಂಕಿನ ಪೆಟ್ರೋಲನ್ನು ಪೂರ್ತಿ ಸುರಿದು, ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ, ಸ್ಪಾರ್ಕ್ ಪ್ಲಗ್ ಬಿಚ್ಚಿ ನಾಲ್ಕಾರು ಹನಿ ಎಣ್ಣೆ ಬಿಟ್ಟು, ಹಗ್ಗವನ್ನು ಎರಡು ಸಲ ಮೆಲ್ಲಗೆ ಎಳೆದು, ಪ್ಲಗ್ ಮತ್ತೆ ಕೂಡಿಸಿ, ಇಲಿ ಬಾರದ ಕಡೆ ತೂಗುಹಾಕಿ ಇಡಿ.